ಆಫ್‌ರೋಡ್ ಗಾಡಿ ಇಟ್ಟುಕೊಂಡವರು ತುಮಕೂರು ಸೀಮೆಯಲ್ಲಿ ಮನೆ ಹುಡುಕುವಾಗ

ನಾನು ತುಮಕೂರಿಗೆ ಮನೆ ಬದಲಾಯಿಸಿದಾಗ ತಲೆಯಲ್ಲಿ ಇದ್ದದ್ದು ಒಂದೇ ಲೆಕ್ಕ. ಬೆಟ್ಟಕ್ಕೆ ಎಷ್ಟು ಹತ್ತಿರ? ಬೆಳಗುಂಬದ ಕಡೆ, ದೇವರಾಯನದುರ್ಗಕ್ಕೆ ಹೋಗುವ ರಸ್ತೆಯಲ್ಲಿ ಬಾಡಿಗೆಗೆ ಮನೆ ಸಿಕ್ಕಿತು. ಬೆಳಗ್ಗೆ ಬಾಗಿಲು ತೆಗೆದರೆ ದೂರದಲ್ಲಿ ಗುಡ್ಡದ ಸಾಲು. ಖುಷಿಯೋ ಖುಷಿ. ಆದರೆ ಎರಡು ತಿಂಗಳಾದರೂ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಫೋರ್ ವೀಲ್ ಲಿವರ್ ಮುಟ್ಟುವ ಸಂದರ್ಭವೇ ಬರಲಿಲ್ಲ. ಆ ಗುಡ್ಡಗಳ ಕಾಡು ಮೀಸಲು ಅರಣ್ಯ. ಅನುಮತಿ ಇಲ್ಲದೆ ಡಾಂಬರು ಬಿಟ್ಟು ಗಾಡಿ ಒಳಗೆ ನುಗ್ಗಿಸುವುದು ಅಪರಾಧ. ಓಡಿಸಬೇಕು ಅನ್ನಿಸಿದಾಗಲೆಲ್ಲ ಊರು ದಾಟಿ ಒಂದೂಕಾಲು ಗಂಟೆ ಹೋಗಬೇಕಿತ್ತು. ಹೋಗಿ ಬರುವುದರಲ್ಲೇ ಭಾನುವಾರ ಮುಗಿಯುತ್ತಿತ್ತು.

ಗೆಳೆಯರು ಈಗಲೂ ಇದೇ ಲೆಕ್ಕ ಹಾಕಿಕೊಂಡು ಮನೆ ನೋಡಲು ಬರುತ್ತಾರೆ. ಅವರಿಗೆ ನಾನು ಹೇಳುವುದು ಇಷ್ಟೇ: ನಿಮ್ಮ ಗೇಟಿನಿಂದ ಅರ್ಧ ಗಂಟೆಯೊಳಗೆ, ಊರಿನವರು ಒಪ್ಪಿ ಓಡಿಸಲು ಬಿಡುವ ನೆಲ ಎಷ್ಟಿದೆ ಅಂತ ನೋಡಿ. ಉಳಿದದ್ದೆಲ್ಲ ಆಮೇಲೆ.

ಮೊದಲು ಗಾಡಿ, ಆಮೇಲೆ ಊರು

ಆಫ್‌ರೋಡ್ ಅನ್ನುವ ಒಂದೇ ಮಾತಿನಲ್ಲಿ ಬೇರೆ ಬೇರೆ ರುಚಿಗಳಿವೆ. ಬಂಡೆ ಹತ್ತುವವರು ಒಬ್ಬರು, ಕೆಸರಿಗೆ ಇಳಿಯುವವರು ಒಬ್ಬರು. ಇಡೀ ದಿನ ಮಣ್ಣುದಾರಿಯಲ್ಲಿ ಊರಿಂದ ಊರಿಗೆ ಸುತ್ತುವುದೇ ಇಷ್ಟ ಅನ್ನುವವರು ಇನ್ನೊಬ್ಬರು. ನಿಮ್ಮದು ಯಾವುದು ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ. ಫೋರ್ ವೀಲ್ ಡ್ರೈವ್ ಥಾರ್, ಜಿಮ್ನಿ, ಗೂರ್ಖಾ, ಹಳೇ ಜಿಪ್ಸಿ ಇದ್ದರೆ ಲೋ ರೇಂಜ್ ಅನ್ನುವ ನಿಧಾನದ ಗೇರ್ ಇರುತ್ತದೆ. ನಡೆಯುವ ವೇಗದಲ್ಲಿ, ಪೂರ್ತಿ ಬಲದಲ್ಲಿ ಗಾಡಿಯನ್ನು ಬಂಡೆಯ ಮೇಲೆ ಹತ್ತಿಸಬಹುದು. ಎರಡೇ ಚಕ್ರಕ್ಕೆ ಬಲ ಹೋಗುವ ಎಸ್‌ಯುವಿ ಇದ್ದರೆ ಮಣ್ಣುದಾರಿ ಸುತ್ತಾಟಕ್ಕೆ ಸಾಕು. ಅದಕ್ಕೆ ಜಿಲ್ಲೆಯ ಯಾವ ಮೂಲೆಯಲ್ಲಿ ಮನೆ ಮಾಡಿದರೂ ನಡೆಯುತ್ತದೆ.

ಲೋ ರೇಂಜ್ ಗಾಡಿ ಇದ್ದವರು ನೆಲ ನೋಡಲೇಬೇಕು. ತುಮಕೂರು ಜಿಲ್ಲೆಯ ನೆಲ ಒಂದೇ ಥರ ಇಲ್ಲ.

ಉತ್ತರಕ್ಕೆ ಕೊರಟಗೆರೆ, ಮಧುಗಿರಿ, ಪಾವಗಡ. ಇದು ಬಂಡೆ ಸೀಮೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರಿತ್ತಲ್ವಾ, ಅದೇ ಹೆಸರಿನ ಗ್ರಾನೈಟ್ ಪಟ್ಟಿ ಆ ಕಡೆಯಿಂದ ಉತ್ತರಕ್ಕೆ ಹಾದು ಇಲ್ಲಿಗೂ ಬಂದಿದೆ. ಮಧುಗಿರಿಯ ಏಕಶಿಲಾ ಬೆಟ್ಟ ನೋಡಿದರೆ ಸಾಕು, ಈ ಕಲ್ಲು ಏನು ಅಂತ ಗೊತ್ತಾಗುತ್ತದೆ. ಮೇಲೆ ತೆಳುವಾದ ಕೆಂಪು ಮಣ್ಣು, ಕೆಳಗೆ ಗಟ್ಟಿ ಬಂಡೆ. ಮಳೆ ಬಂದರೂ ಎರಡು ದಿನಕ್ಕೆ ಆರುತ್ತದೆ. ಬಂಡೆ ಹತ್ತಲು ಇದಕ್ಕಿಂತ ಒಳ್ಳೆಯ ಜಾಗ ಬೆಂಗಳೂರಿನ ಸುತ್ತ ಕಡಿಮೆ. ಆದರೆ ಚೂಪು ಕಲ್ಲು ಟೈರಿನ ಪಕ್ಕೆ ಸೀಳುತ್ತದೆ. ಸೀಳಿದರೆ ಪಂಕ್ಚರ್ ಅಂಗಡಿಯವನು ಏನೂ ಮಾಡಲಾರ, ಹೊಸ ಟೈರೇ ಬೇಕು.

ಶಿರಾ ಕಡೆ ಬಯಲು. ಉದ್ದುದ್ದ ಮಣ್ಣುದಾರಿ, ಬಿಸಿಲು, ಧೂಳು. ಸುತ್ತಾಟಕ್ಕೆ ಚೆನ್ನ. ಕುಣಿಗಲ್ ಕಡೆ ಸ್ವಲ್ಪ ಹಸಿರು, ಮಳೆ ಜಾಸ್ತಿ, ಹುಲಿಯೂರುದುರ್ಗದ ಸುತ್ತ ದಿಣ್ಣೆ ಚೆನ್ನಾಗಿದೆ. ತಿಪಟೂರು, ತುರುವೇಕೆರೆ, ಗುಬ್ಬಿ ತೆಂಗು ಅಡಿಕೆಯ ನಾಡು. ಬದುಕಲು ಬಹಳ ತಂಪಾದ ಊರುಗಳು, ಆದರೆ ಅಲ್ಲಿ ಡಾಂಬರಿನಿಂದ ಇಳಿದ ದಾರಿ ಹೆಚ್ಚಿನಂಶ ಯಾರದೋ ತೋಟದ ಬೇಲಿಗೆ ಹೋಗಿ ನಿಲ್ಲುತ್ತದೆ. ಹೇಮಾವತಿ ನಾಲೆಯ ಪಕ್ಕದ ದಾರಿ ನೋಡಿ ಆಸೆ ಪಡಬೇಡಿ. ಅದು ಇಲಾಖೆಯ ಕೆಲಸಕ್ಕೆ ಇರುವ ದಾರಿ. ಏರಿ ಕುಸಿದರೆ ಕೆಳಗಿನ ತೋಟಗಳ ಗತಿ ಏನು?

ಪಕ್ಕದ ಜಿಲ್ಲೆಗಳನ್ನೂ ನೋಡುತ್ತೀರಾದರೆ ಎರಡು ಮಾತು. ಚಿಕ್ಕಬಳ್ಳಾಪುರದ ಬೆಟ್ಟಗಳು ಅಂದವಾಗಿವೆ. ಆದರೆ ವಿಮಾನ ನಿಲ್ದಾಣ ಹತ್ತಿರ ಇರುವುದರಿಂದ ಸೈಟಿನ ಬೆಲೆ ಕೈಗೆಟುಕುವುದಿಲ್ಲ, ಭಾನುವಾರ ಬೆಳಗ್ಗೆ ನಂದಿ ಬೆಟ್ಟದ ರಸ್ತೆಯಲ್ಲಿ ಗಾಡಿ ಸಾಲು ಮುಗಿಯುವುದಿಲ್ಲ. ಅಲ್ಲಿ ಮನೆ ಮಾಡಲೇಬೇಕಾದರೆ ಗುಡಿಬಂಡೆ, ಬಾಗೇಪಲ್ಲಿ ಕಡೆ ನೋಡಿ. ಕೋಲಾರಕ್ಕೆ ಹೋಗುವವರು ಕೆಜಿಎಫ್‌ನ ಸೈನೈಡ್ ದಿಬ್ಬಗಳ ಕನಸು ಕಾಣುತ್ತಾರೆ. ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ದಿಬ್ಬ ಉಳಿಯಿತು. ಅದು ಚಿನ್ನ ತೆಗೆದ ಮೇಲೆ ಉಳಿದ ಕಲ್ಲುಪುಡಿ, ಅದಿರಿಗೆ ಸೈನೈಡ್ ಬಳಸಿದ ಮೇಲಿನ ಪುಡಿ. ಗಾಳಿ ಬಂದರೆ ಆ ಧೂಳನ್ನು ಉಸಿರಾಡುವವರು ಪಕ್ಕದ ಕಾಲೊನಿಯ ಮಕ್ಕಳು. ಅಲ್ಲಿ ಗಾಡಿ ಓಡಿಸಿ ಧೂಳೆಬ್ಬಿಸುವುದು ನನ್ನ ಪ್ರಕಾರ ತಪ್ಪು. ಅದನ್ನು ನಂಬಿಕೊಂಡು ಮನೆ ಮಾಡುವುದಂತೂ ಬೇಡ.

ನಕ್ಷೆ ಹಾಕಿಕೊಂಡು ಹೊಡೆದು ಹಾಕುತ್ತಾ ಹೋಗಿ

ಮನೆ ನೋಡಿದ ಜಾಗದ ಸುತ್ತ 25 ಕಿಲೋಮೀಟರಿನ ಒಂದು ವೃತ್ತ ಎಳೆಯಿರಿ. ಅದರೊಳಗೆ ಓಡಿಸಬಾರದ ಜಾಗಗಳನ್ನು ಒಂದೊಂದಾಗಿ ಹೊಡೆದು ಹಾಕಿ. ಉಳಿದದ್ದೇ ನಿಮ್ಮ ನೆಲ. ಇದಕ್ಕೆ ಎರಡು ಸಾಧನ ಬೇಕು. ಒಂದು, ಕಂದಾಯ ಇಲಾಖೆಯ ಗ್ರಾಮ ನಕ್ಷೆ. ಅದರಲ್ಲಿ ಹಳ್ಳ, ಕೆರೆ, ಬಂಡಿದಾರಿ, ಕಾಲುದಾರಿ ಎಲ್ಲಾ ಇರುತ್ತದೆ. ಗುರುತುಗಳ ಪಟ್ಟಿ ನೋಡಿ ಓದಿಕೊಳ್ಳಿ. ಇನ್ನೊಂದು, ದಿಶಾಂಕ್ ಆ್ಯಪ್. ನೀವು ನಿಂತ ಜಾಗದ ಸರ್ವೆ ನಂಬರ್ ಹೇಳುತ್ತದೆ. ಸ್ಯಾಟಲೈಟ್ ಚಿತ್ರದಲ್ಲಿ ದಾರಿಯ ಥರ ಕಾಣುವುದು ಹಲವು ಸಲ ಯಾರದೋ ಹೊಲದೊಳಗಿನ ಟ್ರಾಕ್ಟರ್ ಜಾಡು. ನಕ್ಷೆಯಲ್ಲಿ ಬಂಡಿದಾರಿ ಅಂತ ಇದ್ದರೆ ಅದು ಊರಿನ ದಾರಿ.

ಹೊಡೆದು ಹಾಕಬೇಕಾದವು ಯಾವುವು?

ಮೀಸಲು ಅರಣ್ಯ ಮೊದಲನೆಯದು. ಅಲ್ಲಿ ಕರಡಿ, ಚಿರತೆ ಇವೆ, ಬೇಸಿಗೆಯಲ್ಲಿ ಬೆಂಕಿಯ ಭಯ ಬೇರೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹುಲ್ಲು ಒಣಗಿ ಕಡ್ಡಿಯಾಗಿರುತ್ತದೆ. ಕಾದ ಸೈಲೆನ್ಸರ್ ತಗುಲಿದರೂ ಹತ್ತಿಕೊಳ್ಳಬಹುದು. ಇದು ಕಾಡಿಗೆ ಮಾತ್ರ ಅಲ್ಲ, ಹುಲ್ಲುಗಾವಲಿಗೂ ಅನ್ವಯಿಸುತ್ತದೆ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಎರಡನೆಯದು. ಬರಿಗಣ್ಣಿಗೆ ಖಾಲಿ ಮೈದಾನ. ಎಲ್ಲಿಂದ ಎಲ್ಲಿಗೆ ಬೇಕಾದರೂ ಓಡಿಸಬಹುದು ಅನ್ನಿಸುತ್ತದೆ. ಆದರೆ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶ. ಅಲ್ಲಿ ನಿಂತು ಜಿಂಕೆ ಓಡುವುದನ್ನು ನೋಡಿ ಬನ್ನಿ, ಚಕ್ರ ಇಳಿಸಬೇಡಿ.

ಪಾವಗಡದ ಸೋಲಾರ್ ಪಾರ್ಕ್ ಸುಮಾರು 13,000 ಎಕರೆ ಇದೆ. ರೈತರಿಂದ ಗುತ್ತಿಗೆಗೆ ಪಡೆದ ಜಮೀನು. ಹಳೆಯ ಸ್ಯಾಟಲೈಟ್ ಚಿತ್ರ ನೋಡಿಕೊಂಡು ಹೋದರೆ ಬೇಲಿ ಎದುರಾಗುತ್ತದೆ.

ಒಣಗಿದ ಕೆರೆ ಅಂಗಳ ಎಲ್ಲರನ್ನೂ ಸೆಳೆಯುತ್ತದೆ. ಮೇಲೆ ಬಿರುಕು ಬಿಟ್ಟ ಗಟ್ಟಿ ಪದರ, ಒಂದಡಿ ಕೆಳಗೆ ಹಸಿ ಹೂಳು. ನಡುವೆ ಹೋಗಿ ಕೂತರೆ ಚಾಸಿಸ್‌ವರೆಗೆ ಇಳಿಯುತ್ತದೆ. ಅಲ್ಲಿ ದನ ಮೇಯುತ್ತವೆ, ಜನ ನಡೆಯುತ್ತಾರೆ. ಏರಿ, ತೂಬು, ಕೋಡಿಯ ಮೇಲಂತೂ ಗಾಡಿ ಬೇಡವೇ ಬೇಡ.

ಹೊಳೆಯ ಮರಳಿನ ಬಗ್ಗೆ ಒಂದು ಮಾತು. ಜಯಮಂಗಲಿ ಹುಟ್ಟುವುದು ದೇವರಾಯನದುರ್ಗದಲ್ಲಿ, ವರ್ಷದ ಹೆಚ್ಚು ಭಾಗ ಬರೀ ಮರಳು. ಹಗಲಲ್ಲೇ ಆ ಕಡೆ ದೊಡ್ಡ ಗಾಡಿ ಕಂಡರೆ ಜನ ತಿರುಗಿ ನೋಡುತ್ತಾರೆ. ರಾತ್ರಿ ಹೋದರೆ ಮರಳು ಕದಿಯಲು ಬಂದವರು ಅಂತಲೇ ತಿಳಿಯುತ್ತಾರೆ. ಅವರ ತಪ್ಪಲ್ಲ, ಎಷ್ಟೋ ಊರುಗಳು ಅದರಿಂದ ನೊಂದಿವೆ.

ಕೊನೆಗೆ ಕ್ವಾರಿ. ಕೆಲಸ ನಿಂತ ಕಲ್ಲುಗಣಿ ಆಟದ ಮೈದಾನದಂತೆ ಕಾಣುತ್ತದೆ. ಗುಂಡಿಯಲ್ಲಿ ನಿಂತ ನೀರಿನ ಆಳ ಯಾರಿಗೂ ಗೊತ್ತಿರುವುದಿಲ್ಲ, ಅಂಚಿನ ಕಲ್ಲು ಸಡಿಲ. ಕೆಲಸ ನಡೆಯುವ ಕಡೆ ಸಿಡಿಮದ್ದು ಇರುತ್ತದೆ. 2021ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿ ಬಳಿ ಜಿಲೆಟಿನ್ ಸ್ಫೋಟಿಸಿ 6 ಜನ ಸತ್ತದ್ದು ಮರೆಯುವಂಥದ್ದಲ್ಲ. ಮನೆಯನ್ನೂ ಕ್ರಷರ್‌ಗಳಿಂದ ದೂರವೇ ನೋಡಿ. ಟಿಪ್ಪರ್ ಓಡಾಟ, ಕಲ್ಲುಪುಡಿ, ಗೋಡೆಯ ಬಿರುಕು, ಇದೆಲ್ಲ ಜೊತೆಗೇ ಬರುತ್ತದೆ.

ಊರಿಗೆ ಹೋಗಿ, ಡೇರಿ ಮುಂದೆ ನಿಲ್ಲಿ

ನಕ್ಷೆಯ ಕೆಲಸ ಮನೆಯಲ್ಲಿ ಕೂತು ಮುಗಿಯುತ್ತದೆ. ಇದು ಮುಗಿಯುವುದಿಲ್ಲ. ಗಾಡಿ ಬಿಟ್ಟು ಬೈಕಿನಲ್ಲೋ ಬಸ್ಸಿನಲ್ಲೋ ಆ ಊರಿಗೆ ಹೋಗಿ. ಬೆಳಗ್ಗೆ ಹಾಲು ಹಾಕುವ ಹೊತ್ತಿಗೆ ಡೇರಿ ಮುಂದೆ ಅರ್ಧ ಊರು ಸೇರಿರುತ್ತದೆ. ಮಾತಾಡಿಸಿ. ಯಾವ ದಾರಿ ಊರಿನದು, ಯಾವುದು ಖಾಸಗಿ, ಯಾವುದರ ಬಗ್ಗೆ ಜಗಳ ಇದೆ ಅಂತ ಅಲ್ಲಿ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಶಿರಾ, ಪಾವಗಡ ಕಡೆ ಕುರಿ ಕಾಯುವವರನ್ನು ಕೇಳಿ. ಗುಡ್ಡದ ಹಿಂದಿನ ಹಳ್ಳ ಎಲ್ಲಿ ದಾಟಬಹುದು ಅಂತ ಅವರಿಗಿಂತ ಚೆನ್ನಾಗಿ ಯಾವ ಆ್ಯಪೂ ಹೇಳುವುದಿಲ್ಲ.

ಇದು ನನಗೆ ಹೇಗೆ ತಿಳಿಯಿತು ಅಂದರೆ, ಒಂದು ಅಕ್ಟೋಬರಿನಲ್ಲಿ ಕೊರಟಗೆರೆ ಕಡೆಯ ಒಂದು ಹಳ್ಳಿಯ ಹಿಂದೆ ಗಾಡಿ ಇಳಿಸಿದ್ದೆ. ಹಿಂದಿನ ರಾತ್ರಿ ಜೋರು ಮಳೆ. ಎರಡು ರಾಗಿ ಹೊಲಗಳ ನಡುವೆ ಅಗಲವಾದ ಹುಲ್ಲಿನ ಪಟ್ಟಿ ಕಂಡಿತು. ದಾರಿ ಅಂದುಕೊಂಡು ಹತ್ತಿಸಿದೆ. ಹಿಂದಿನ ಎಡ ಚಕ್ರ ಹಾಗೇ ಇಳಿಯಿತು. ಇಳಿದು ನೋಡಿದರೆ ಟೈರು ಬದ ಕಡಿದು ಹಾಕಿತ್ತು. ಮೇಲಿನ ಹೊಲದಲ್ಲಿ ನಿಂತಿದ್ದ ನೀರು ಆ ಕಂಡಿಯಿಂದ ಕೆಂಪಗೆ ಹರಿದು ಕೆಳಗಿನ ಹೊಲದ ರಾಗಿಯನ್ನು ಮಲಗಿಸುತ್ತಿತ್ತು. ಹೊಲದವರು ಓಡಿ ಬಂದರು, ವಯಸ್ಸಾದವರು.

"ಏನ್ ಸ್ವಾಮಿ, ಇದನ್ನ ದಾರಿ ಅನ್ಕೊಂಡ್ರಾ? ಬದ ಅಲ್ವಾ ಇದು?"

"ತಪ್ಪಾಯ್ತು ಯಜಮಾನ್ರೇ" ಅಂದೆ. ಅವರು ಬೈಯುತ್ತಾ ನಿಲ್ಲಲಿಲ್ಲ, ಬರಿಗಾಲಿನಲ್ಲೇ ಮಣ್ಣು ನೂಕಿ ನೀರು ತಡೆಯಲು ಶುರು ಮಾಡಿದರು. ನಾನು ಗಾಡಿಯಲ್ಲಿದ್ದ ಸನಿಕೆ ತೆಗೆದುಕೊಂಡೆ. ಇಬ್ಬರೂ ಸೇರಿ ಕಲ್ಲಿಟ್ಟು, ಹುಲ್ಲು ಹೆಂಟೆ ಇಟ್ಟು, ಮಣ್ಣು ತುಳಿದು ಕಂಡಿ ಮುಚ್ಚಲು ಮುಕ್ಕಾಲು ಗಂಟೆ ಹಿಡಿಯಿತು. ಆಮೇಲೆ ಅವರೇ ಕೈ ತೋರಿಸಿ ಹೇಳಿದರು: "ಆ ಹುಣಸೇಮರದ ತಾವ ಬಲಕ್ಕೆ ತಿರುಗಿದ್ರೆ ಹಳೇ ಬಂಡಿದಾರಿ ಐತೆ. ಗುಡ್ಡದ ಬುಡದವರೆಗೂ ಹೋಯ್ತದೆ. ಅದ್ರಾಗೆ ಓಡಿಸ್ಕಳಿ, ಯಾರೂ ಏನೂ ಅನ್ನಲ್ಲ." ನಕ್ಷೆಯಲ್ಲೂ ಆ ದಾರಿ ಇತ್ತು, ನಾನು ನೋಡಿರಲಿಲ್ಲ. ಇವತ್ತಿಗೂ ನಾನು ಅತಿ ಹೆಚ್ಚು ಓಡಿಸುವುದು ಅದೇ ದಾರಿಯಲ್ಲಿ.

ಬೆಳೆಯ ಲೆಕ್ಕ ಮನಸ್ಸಿನಲ್ಲಿಡಿ. ನಮ್ಮ ಕಡೆ ಮಳೆ ಜಾಸ್ತಿ ಬೀಳುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಕೆಸರು ಇರುವುದೂ ಆಗಲೇ, ಹೊಲದಲ್ಲಿ ರಾಗಿ ನಿಂತಿರುವುದೂ ಆಗಲೇ. ಕೊಯ್ಲು ಮುಗಿಯುವುದು ನವೆಂಬರ್, ಡಿಸೆಂಬರ್‌ಗೆ. ಅಷ್ಟು ಹೊತ್ತಿಗೆ ಕೆಸರು ಆರಿರುತ್ತದೆ. ಹಾಗಾಗಿ ಕೆಸರೇ ನಿಮ್ಮ ಆಸೆಯಾದರೆ ಊರಿನ ದಾರಿಗಳನ್ನು ನಂಬಬೇಡಿ. ನಾಲ್ಕು ಜನ ಗೆಳೆಯರು ಸೇರಿ ಒಂದು ಬೀಳು ಜಮೀನನ್ನು ಬರವಣಿಗೆಯ ಕರಾರು ಮಾಡಿಕೊಂಡು ಬಾಡಿಗೆಗೆ ಹಿಡಿಯಿರಿ. ಒಂದೆಕರೆ ಸಾಕು. ಗುಂಡಿ, ದಿಬ್ಬ, ನೀರು ನಿಮ್ಮದೇ. ಅಂಥ ಜಮೀನು ಸಿಗುವ ಊರೇ ಒಳ್ಳೆಯ ಊರು ಅಂತ ನನ್ನ ಅನುಭವ.

ಗೋಮಾಳ ಸರ್ಕಾರದ ಜಾಗ ತಾನೇ ಅಂತ ಸುಮ್ನೆ ನುಗ್ಗಬೇಡಿ. ಅದು ಊರಿನ ದನಗಳ ಮೇವಿನ ಜಾಗ. ಪಂಚಾಯಿತಿಯಲ್ಲಿ ಕೇಳಿ.

ಇನ್ನು ಮನೆ

ಟೇಪ್ ತೆಗೆದುಕೊಂಡು ಹೋಗಿ. ಥಾರ್ ಅಗಲ 1820 ಮಿಲಿಮೀಟರ್, ಅಂದರೆ ಹೆಚ್ಚು ಕಡಿಮೆ 6 ಅಡಿ. ಕನ್ನಡಿ ಸೇರಿಸಿದರೆ ಇನ್ನೂ ಜಾಸ್ತಿ. ಜಿಮ್ನಿ 1645, ಸ್ವಲ್ಪ ಕಿರಿದು. ಗೇಟು 8 ಅಡಿ ಇದ್ದರೆ ನೇರ ಹೋಗುತ್ತದೆ, ಆದರೆ ಮುಂದಿನ ರಸ್ತೆ ಕಿರಿದಾಗಿದ್ದರೆ ತಿರುಗುವುದಿಲ್ಲ. 20 ಅಡಿ ರಸ್ತೆಯ ಬಡಾವಣೆಯಲ್ಲಿ ಎದುರು ಮನೆಯವರು ಕಾರು ನಿಲ್ಲಿಸಿದ ಮೇಲೆ ನಿಮ್ಮ ಗಾಡಿ ಒಳಗೆ ಹೋಗುತ್ತದಾ? ಸಂಜೆ ಎಂಟರ ಮೇಲೆ ಹೋಗಿ ನೋಡಿ, ಎಲ್ಲರ ಕಾರೂ ಮನೆಗೆ ಬಂದಿರುತ್ತದೆ. ಮೇಲೆ ರ‍್ಯಾಕ್ ಹಾಕಿಸಿದ್ದರೆ ಪೋರ್ಟಿಕೋ ಎತ್ತರವನ್ನೂ ಅಳೆಯಿರಿ.

ಸಂಪ್ ಎಲ್ಲಿದೆ ಅಂತ ಕೇಳಲೇಬೇಕು. ನಮ್ಮ ಕಡೆ ಬಹಳ ಮನೆಗಳಲ್ಲಿ ಸಂಪ್ ಇರುವುದು ಗಾಡಿ ನಿಲ್ಲಿಸುವ ಜಾಗದಲ್ಲೇ. ನನ್ನ ಮೊದಲ ಬಾಡಿಗೆ ಮನೆಯಲ್ಲಿ ಒಂದು ರಾತ್ರಿ ರಿವರ್ಸ್ ತೆಗೆಯುವಾಗ 'ಕಟ್' ಅಂತ ಸದ್ದು. ಹಿಂದಿನ ಚಕ್ರದ ಕೆಳಗೆ ಸಂಪ್ ಮುಚ್ಚಿದ್ದ ಕಡಪ ಕಲ್ಲು ನಡುವೆ ಸೀಳಿತ್ತು. ಒಂದೂವರೆ ಟನ್‌ಗಿಂತ ಜಾಸ್ತಿ ತೂಗುವ ಗಾಡಿ ಅದು. ಚಕ್ರ ಇನ್ನು ಒಂದು ಗೇಣು ಹಿಂದೆ ಬಂದಿದ್ದರೆ ಒಳಗೇ ಇಳಿಯುತ್ತಿತ್ತು. ಆವತ್ತಿಂದ ನಾನು ಯಾವ ಮನೆ ನೋಡಿದರೂ ಮೊದಲು ನೆಲ ನೋಡುತ್ತೇನೆ, ಆಮೇಲೆ ಅಡುಗೆಮನೆ.

ನೀರು ಇನ್ನೊಂದು. ಕೆಸರು ಮೆತ್ತಿದ ಗಾಡಿ ಒಂದೆರಡು ಬಕೆಟ್ಟಿಗೆ ತೊಳೆದು ಮುಗಿಯುವುದಿಲ್ಲ. ತುಮಕೂರು ನಗರಕ್ಕೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತದೆ. ಹೊರವಲಯದ ಬಡಾವಣೆಗಳಲ್ಲಿ ಬೋರ್‌ವೆಲ್ಲೇ ಗತಿ. ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ಟ್ಯಾಂಕರ್ ತರಿಸುತ್ತೀರಿ ಅಂತ ಪಕ್ಕದ ಮನೆಯವರನ್ನು ಕೇಳಿ. ಪಾವಗಡ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇರುವುದರಿಂದ ಕುಡಿಯುವ ನೀರಿನ ಏರ್ಪಾಟು ಮೊದಲೇ ನೋಡಿಕೊಳ್ಳಿ. ಕೆರೆಗೆ ಇಳಿಸಿ ಗಾಡಿ ತೊಳೆಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಆಯಿಲ್, ಗ್ರೀಸ್ ಎಲ್ಲಾ ಆ ನೀರಿಗೇ ಹೋಗುತ್ತದೆ.

ಏರ್ ಕಂಪ್ರೆಸರ್ ಗಾಡಿಯಲ್ಲೇ ಇರಲಿ. ಮಣ್ಣಿಗೆ ಇಳಿಯುವಾಗ ಟೈರಿನಲ್ಲಿ 30 ಪಿಎಸ್‌ಐ ಮೇಲಿರುವ ಗಾಳಿಯನ್ನು 18–20ಕ್ಕೆ ಇಳಿಸುತ್ತೇವೆ, ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಬೇಕು. ಹಳ್ಳಿ ಕಡೆ ಭಾನುವಾರ ಮಧ್ಯಾಹ್ನದ ಮೇಲೆ ಪಂಕ್ಚರ್ ಅಂಗಡಿ ತೆಗೆದಿರುತ್ತದೆ ಅಂತ ನಂಬಿಕೊಳ್ಳಬೇಡಿ.

ಉಳಿದ ಆರು ದಿನ

ವಾರದಲ್ಲಿ ಒಂದು ದಿನ ಓಡಿಸುತ್ತೀರಿ, ಆರು ದಿನ ಬದುಕುತ್ತೀರಿ. ಬೆಂಗಳೂರಿನಲ್ಲಿ ಕೆಲಸ ಇದ್ದರೆ ತುಮಕೂರು ನಗರವೇ ಸರಿ. ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್, ರೈಲು ಇದೆ, ದಿನಾ ಹೋಗಿ ಬರುವವರು ಸಾವಿರಾರು ಜನ. ಮಧುಗಿರಿಗೆ ಇನ್ನೂ ರೈಲು ಓಡಾಟ ಶುರುವಾಗಿಲ್ಲ. ಮನೆಯಿಂದಲೇ ಕೆಲಸ ಮಾಡುವವರಿಗೆ, ವ್ಯವಸಾಯ ಮಾಡುವ ಆಸೆ ಇರುವವರಿಗೆ ಮಾತ್ರ ಮಧುಗಿರಿ ನನ್ನ ಮೊದಲ ಆಯ್ಕೆ. ಇವೆರಡರ ನಡುವೆ, ಕೊರಟಗೆರೆ ರಸ್ತೆಯ ಯಾವುದಾದರೂ ಹಳ್ಳಿಯಲ್ಲಿ ಮನೆ ಮಾಡಿದರೆ ಸ್ಟೇಷನ್ನಿಗೂ ಅರ್ಧ ಗಂಟೆ, ಬಂಡೆಗೂ ಅರ್ಧ ಗಂಟೆ. ನಾನು ಕೊನೆಗೆ ಬಂದು ನಿಂತದ್ದು ಅಲ್ಲೇ.

ಮೆಕ್ಯಾನಿಕ್ ಬಗ್ಗೆ: ಕಂಪನಿ ಸರ್ವಿಸ್ ಎಲ್ಲಿ ಅಂತ ನೋಡುವುದಕ್ಕಿಂತ ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಚ್ಚಿ ಗೊತ್ತಿರುವ ಕೈ ಯಾರದು ಅಂತ ಹುಡುಕಿ. ಹಳೇ ಜೀಪು, ಟ್ರಾಕ್ಟರ್ ರಿಪೇರಿ ಮಾಡುವ ಹಿರಿಯರು ತಾಲ್ಲೂಕು ಊರುಗಳಲ್ಲೂ ಇದ್ದಾರೆ. ಬೇರೆ ಜಿಲ್ಲೆಯಿಂದ ಬಂದರೆ 30 ದಿನದೊಳಗೆ ಆರ್‌ಸಿಯಲ್ಲಿ ವಿಳಾಸ ಬದಲಿಸಲು ಅರ್ಜಿ ಕೊಡಿ. ಇಲ್ಲಿಯ ಆರ್‌ಟಿಒ ಕಚೇರಿಗಳ ಸಂಕೇತ: ತುಮಕೂರು ಕೆಎ-06, ತಿಪಟೂರು ಕೆಎ-44, ಮಧುಗಿರಿ ಕೆಎ-64.

ಕೊಳ್ಳುವುದಾದರೆ

ಒಂದು ಮಳೆಗಾಲ ಬಾಡಿಗೆಗೆ ಇದ್ದು ನೋಡದೆ ಸೈಟಿಗೆ ಅಡ್ವಾನ್ಸ್ ಕೊಡಬೇಡಿ. ಭೂ ಸುಧಾರಣಾ ಕಾಯ್ದೆಯ 2020ರ ತಿದ್ದುಪಡಿಯ ನಂತರ ಕೃಷಿಕರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಅದರಿಂದ 'ಫಾರ್ಮ್ ಪ್ಲಾಟ್' ಅಂತ ಐದು, ಹತ್ತು ಗುಂಟೆ ತುಂಡು ಮಾಡಿ ಮಾರುವವರು ಹೆಚ್ಚಾಗಿದ್ದಾರೆ. ಭೂ ಪರಿವರ್ತನೆ ಆಗಿದೆಯಾ, ಪಂಚಾಯಿತಿಯ ಇ-ಸ್ವತ್ತು ಖಾತೆ ಇದೆಯಾ, ಪಹಣಿ ಯಾರ ಹೆಸರಿನಲ್ಲಿದೆ, ಋಣಭಾರ ಪತ್ರ ಏನು ಹೇಳುತ್ತದೆ ನೋಡಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ, ಪಿಟಿಸಿಎಲ್ ಕಾಯ್ದೆ ವ್ಯಾಪ್ತಿಯ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಕೊಂಡರೆ ನಿಲ್ಲುವುದಿಲ್ಲ. ಇದನ್ನೆಲ್ಲ ಒಬ್ಬ ವಕೀಲರ ಕೈಲಿ ಓದಿಸಿ.

ನಮ್ಮಂಥವರು ಮರೆಯುವುದು ಇನ್ನೊಂದಿದೆ: ದಾರಿ. ಎಂಥ ದಾರಿಯಲ್ಲೂ ನಮ್ಮ ಗಾಡಿ ಹೋಗುತ್ತದೆ, ಹಾಗಾಗಿ ಜಮೀನಿಗೆ ದಾರಿ ಇದೆಯಾ ಅಂತ ಕೇಳುವುದೇ ಇಲ್ಲ. ಆ್ಯಂಬುಲೆನ್ಸ್ ಬರಬೇಕು, ಮಕ್ಕಳ ಸ್ಕೂಲ್ ವ್ಯಾನ್ ಬರಬೇಕು, ಇಟ್ಟಿಗೆ ಲಾರಿ ಬರಬೇಕು. ಗ್ರಾಮ ನಕ್ಷೆಯಲ್ಲಿ ದಾರಿ ಇಲ್ಲದಿದ್ದರೆ, ಪಕ್ಕದವರು ಬಾಯಿಮಾತಿನಲ್ಲಿ ಬಿಟ್ಟಿದ್ದಾರೆ ಅಂದರೆ ಸಾಲದು. ಪತ್ರದಲ್ಲಿ ಬರೆಸಿಕೊಳ್ಳಿ.

ಮನೆಗೆ ಬಂದ ಮೊದಲ ವಾರ

ಸಾಮಾನು ಬಿಚ್ಚುವ ಮೊದಲೇ ಪಕ್ಕದಲ್ಲಿ ಟ್ರಾಕ್ಟರ್ ಇರುವವರ ಮನೆಗೆ ಹೋಗಿ ಬನ್ನಿ. ಅವರ ನಂಬರ್ ತೆಗೆದುಕೊಳ್ಳಿ, ನಿಮ್ಮದು ಕೊಡಿ. ನಿಮ್ಮ ಗಾಡಿ ಹೂತುಕೊಂಡ ರಾತ್ರಿ ಬರುವವರು ಅವರೇ. ಮಳೆಗಾಲದಲ್ಲಿ ಅವರ ಟ್ರೇಲರ್ ಹೊಲದಲ್ಲಿ ಸಿಕ್ಕಿಕೊಂಡಾಗ ಅವರು ಕರೆಯುವ ಮೊದಲೇ ನೀವು ಹೋಗಬೇಕು. ಗಾಡಿ ಎಳೆಯುವ ಸ್ಟ್ರಾಪು, ಅದನ್ನು ಸಿಕ್ಕಿಸುವ ಕಬ್ಬಿಣದ ಕೊಂಡಿ ಅಂದರೆ ಎರಡು ಶ್ಯಾಕಲ್, ಸನಿಕೆ ಗಾಡಿಯಿಂದ ಇಳಿಸದೆ ಇಡಿ. ಕಳೆದ ನವೆಂಬರಿನಲ್ಲಿ ನಮ್ಮ ಬೀದಿಯವರ ರಾಗಿ ತೆನೆ ತುಂಬಿದ ಟ್ರೇಲರ್ ಹಳ್ಳದ ದಂಡೆಯಲ್ಲಿ ಕೂತುಬಿಟ್ಟಿತ್ತು, ಮೋಡ ಬೇರೆ ಕವಿದಿತ್ತು. ಲೋ ರೇಂಜ್ ಹಾಕಿ, ಅವರ ಟ್ರಾಕ್ಟರ್ ಮುಂದೆ ನನ್ನ ಗಾಡಿ ಕಟ್ಟಿ ಎಳೆದೆವು. ಮೂರನೇ ಸಲಕ್ಕೆ ಮೇಲೆ ಬಂತು. ಮಳೆ ಹನಿ ಬೀಳುವಷ್ಟರಲ್ಲಿ ತೆನೆ ಕಣ ಸೇರಿತ್ತು.